ಮಕ್ಕಳ ಆಟಕ್ಕೆ ತಾನೆ!

ಮಕ್ಕಳಿಗಾಗಿ ಮಾಡಿದ ವಸ್ತು ಹೇಗಿದ್ದರೂ ನಡೆದೀತು ಎಂಬ ಭಾವನೆ ನಮ್ಮಲ್ಲಿ ಹಲವರಿಗಿದೆ. ಆಟಿಕೆಯ ಬಣ್ಣ ಎರಡೇ ದಿನಕ್ಕೆ ಉದುರಿದರೆ, ಪುಸ್ತಕದ ಹಾಳೆ ಕಿತ್ತುಬಂದರೆ, “ಮಕ್ಕಳ ಆಟಕ್ಕೆ ತಾನೆ!” ಎಂಬ ಸಮಾಧಾನ ಸಿದ್ಧವಾಗಿರುತ್ತದೆ. ಈ ಸಮಾಧಾನವು ಎಷ್ಟು ಸರಿ ಎಂಬುದನ್ನು ವಿಚಾರಮಾಡಬೇಕಾಗಿದೆ.

2001ರಲ್ಲಿ ಜಪಾನಿನ ಸೆಗಾ ಸಂಸ್ಥೆಯು ‘ಸೂಪರ್ ಮಂಕಿ ಬಾಲ್’ ಎಂಬ ವಿಡಿಯೊ ಆಟವನ್ನು ಹೊರತಂದಿತು. ಪಾರದರ್ಶಕವಾದ ಚೆಂಡಿನೊಳಗೆ ಒಂದು ಕೋತಿ. ಆ ಚೆಂಡು ಉರುಳಿ ಗುರಿಯನ್ನು ಮುಟ್ಟಬೇಕು. ಆಡುವವರು ಚೆಂಡನ್ನು ತಳ್ಳುವುದಿಲ್ಲ. ಅದರ ಕೆಳಗಿನ ನೆಲವನ್ನೇ ವಾಲಿಸುತ್ತಾರೆ. ಚಿಕ್ಕ ಮಗುವಿಗೂ ತಿಳಿಯುವ ಈ ಒಂದೇ ನಿಯಮದಲ್ಲಿ ದೊಡ್ಡವರ ಕೈಚಳಕವನ್ನು ಪರೀಕ್ಷಿಸುವ ಬಿಗಿಯೂ ಇತ್ತು. ಜನ ಅದನ್ನು ಮೆಚ್ಚಿದರು. 2006ರಲ್ಲಿ ‘ಸೂಪರ್ ಮಂಕಿ ಬಾಲ್ ಅಡ್ವೆಂಚರ್’ ಬಂದಿತು. ಇದರಲ್ಲಿ ಕಥೆಯೊಂದನ್ನು ಹೆಣೆದು, ಚೆಂಡನ್ನು ಊರೂರು ಅಲೆಯಲು, ನೆಗೆಯಲು ಬಿಟ್ಟರು. ಮನೆಮಂದಿಯೆಲ್ಲ ಆಡಬಹುದಾದ ನಿರುಪದ್ರವಿಯಾದ ಆಟವೇ ಅದು; ಆದರೂ ಅನೇಕ ವಿಮರ್ಶಕರು ಅದನ್ನು ಮೆಚ್ಚಲಿಲ್ಲ. ಉರುಳುವುದಕ್ಕೆ ಹೊಂದಿದ ಚೆಂಡು ಈ ಅಲೆದಾಟಕ್ಕೆ ಹೊಂದಲಿಲ್ಲ. ಅದನ್ನು ಹಿಡಿತದಲ್ಲಿಡುವುದೇ ತೊಡಕಾಯಿತು.

ನಮ್ಮ ಗೋಲಿಯಾಟವನ್ನು ಇದರೊಡನೆ ಹೋಲಿಸಿ ನೋಡಬಹುದು. ಬೆಳಗಾವಿಯ ಓಣಿಗಳಲ್ಲಾಗಲಿ, ಖಾನಾಪುರದ ಕೆಂಪು ನೆಲದಲ್ಲಾಗಲಿ, ಗೋಲಿಗೆ ಬೇಕಾದುದು ಒಂದು ಗುಳಿ ಮತ್ತು ಒಪ್ಪಿಕೊಂಡ ಕೆಲವು ನಿಯಮಗಳು ಮಾತ್ರ. ನೆಲದ ಇಳಿಜಾರನ್ನು ಅರಿಯದವನು ಸೋಲುತ್ತಾನೆ. ಸೋತದ್ದು ತನ್ನ ಅಳತೆ ತಪ್ಪಿದ್ದರಿಂದ ಎಂದು ಅವನಿಗೆ ತಿಳಿದಿರುವುದರಿಂದ ಮತ್ತೆ ಆಡಲು ಕೂರುತ್ತಾನೆ. ಗೋಲಿಯೇ ಸೊಟ್ಟಗಿದ್ದರೆ ಅವನು ಕಲಿಯುವುದೇನು? ಬೇಸರವನ್ನಷ್ಟೇ.

ಬೆಳಗಾವಿಯಿಂದ ಸುಮಾರು 25 ಕಿಲೋಮೀಟರ್ ದೂರದ ಖಾನಾಪುರವು ಮಣ್ಣಿನ ಕೆಲಸಕ್ಕೆ ಹೆಸರಾದ ಊರು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆಯೂ ಅಲ್ಲಿದೆ. ಕುಂಬಾರನು ಗಡಿಗೆಗೆ ಹದಮಾಡುವಂತೆಯೇ ಆಟಿಕೆಗೂ ಮಣ್ಣನ್ನು ಹದಮಾಡಬೇಕು. ಹರಳೋ ಗಾಳಿಯೋ ಉಳಿದರೆ ಎರಡೂ ಆವಿಗೆಯಲ್ಲಿ ಬಿರಿಯುತ್ತವೆ. ಇದು ಮಗುವಿನ ಗೊಂಬೆಯೆಂದು ಬೆಂಕಿಯು ರಿಯಾಯಿತಿ ತೋರುವುದಿಲ್ಲ.

“ವಿನೋದಕ್ಕಾಗಿ ಇರುವ ಆಟಕ್ಕೆ ಇಷ್ಟೊಂದು ಕಟ್ಟುನಿಟ್ಟೇಕೆ? ಅದರಲ್ಲಿ ಹಿಂಸೆಯಿಲ್ಲ, ಅಶ್ಲೀಲತೆಯಿಲ್ಲ, ಅಷ್ಟು ಸಾಲದೆ?” ಎಂದು ಕೆಲವರು ಕೇಳಬಹುದು. ಕೆಡುಕಿಲ್ಲದಿರುವುದು ಅವಶ್ಯವೇ ಸರಿ; ಆದರೆ ಅಷ್ಟರಿಂದಲೇ ಒಳಿತಾಗುವುದಿಲ್ಲ. ವಿಷವಿಲ್ಲವೆಂಬ ಮಾತ್ರಕ್ಕೆ ಅರೆಬೆಂದ ಅನ್ನವನ್ನು ಯಾವ ತಾಯಿಯೂ ಮಗುವಿಗೆ ಬಡಿಸಳು. ದೊಡ್ಡವರು ಹಿಡಿಸದ ವಸ್ತುವನ್ನು ಬದಿಗಿಟ್ಟು ಬೇರೊಂದನ್ನು ಕೊಳ್ಳಬಲ್ಲರು. ಮಗುವಾದರೋ ತನಗೆ ಕೊಟ್ಟುದರೊಡನೆಯೇ ಬೆಳೆಯಬೇಕು. ಮೇಲಾಗಿ, ಕೆಟ್ಟ ಆಟದಲ್ಲಿ ಸೋತಾಗ ದೋಷವು ಆಟದ್ದೆಂದು ಅರಿಯದೆ, ತನಗೇ ಬುದ್ಧಿ ಸಾಲದೆಂದು ಅದು ಕುಗ್ಗುವುದುಂಟು.

ಆದುದರಿಂದ ಆಟವು ಮಣ್ಣಿನದಾಗಲಿ, ಪರದೆಯ ಮೇಲಿನದಾಗಲಿ, ಹಿರಿಯರು ಮೊದಲು ತಾವು ಆಡಿನೋಡಿ ಅನಂತರ ಮಕ್ಕಳಿಗೆ ಕೊಡುವುದು ಲೇಸು. 1998ರಿಂದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ನೆಲೆಯಾಗಿರುವ ಬೆಳಗಾವಿಯಲ್ಲಿ ಗಣಕವಿದ್ಯೆ ಕಲಿಯುವ ತರುಣರು ನಾಳೆ ಇಂತಹ ಆಟಗಳನ್ನು ರಚಿಸಬಹುದು. ಅವರು ಒಂದು ದಿನ ಖಾನಾಪುರದ ಕುಂಬಾರರ ಬಳಿ ಕುಳಿತು, ಆಟಿಕೆಯ ಮಣ್ಣಿನಿಂದ ಅವರು ಹರಳನ್ನು ಆರಿಸಿ ತೆಗೆಯುವುದನ್ನು ನೋಡಿಬರಲಿ.