ಬಂದರಿನ ಯಂತ್ರ, ಕಾರ್ಮಿಕನ ವೇತನ ಮತ್ತು ವರ್ತಕನ ಪಾಲು

ಶಿರ್ತಾಡಿಯ ಪೇಟೆಯಲ್ಲಿ ಅಂಗಡಿ ಇಟ್ಟವರಿಗೂ ಪಣಂಬೂರಿನ ಬಂದರಿಗೂ ಮೇಲ್ನೋಟಕ್ಕೆ ಯಾವ ಸಂಬಂಧವೂ ಕಾಣದು. ಆದರೆ ಮೂಡುಬಿದಿರೆ, ಬೆಳ್ತಂಗಡಿ, ಬಂಟ್ವಾಳ ಪರಿಸರದ ಗೇರುಬೀಜ ಕಾರ್ಖಾನೆಗಳನ್ನು ವರ್ಷವಿಡೀ ನಡೆಸಲು ಸ್ಥಳೀಯ ಬೆಳೆ ಸಾಲುವುದಿಲ್ಲ ಎಂಬುದು ನಮಗೆಲ್ಲ ತಿಳಿದ ವಿಷಯ. ಕೊರತೆಯನ್ನು ತುಂಬುವುದು ಆಫ್ರಿಕಾ ಖಂಡದಿಂದ ಹಡಗಿನಲ್ಲಿ ಬರುವ ಕಚ್ಚಾ ಬೀಜ. ಸುಲಿದ ತಿರುಳು ಹೊರದೇಶಕ್ಕೆ ಹೋಗಬೇಕಾದರೂ, ನಮ್ಮ ತೋಟದ ಹಾಳೆಯಿಂದ ಮಾಡಿದ ತಟ್ಟೆ ವಿದೇಶದ ಊಟದ ಮೇಜನ್ನು ತಲುಪಬೇಕಾದರೂ ಸಮುದ್ರದ ದಾರಿಯೇ ಗತಿ. ಬಂದರಿನಲ್ಲಿ ಕೆಲಸ ನಿಂತರೆ ಕಾರ್ಖಾನೆಗೆ ಬೀಜವಿಲ್ಲ. ಕಾರ್ಖಾನೆ ನಿಂತರೆ ಸುಲಿಯುವ ಹೆಂಗಸರಿಗೆ ವಾರದ ಬಟವಾಡೆಯಿಲ್ಲ. ಬಟವಾಡೆ ಇಲ್ಲದ ವಾರ ನಮ್ಮ ದಿನಸಿ ಅಂಗಡಿಯಲ್ಲಿ ಸಾಲದ ಪುಸ್ತಕ ದಪ್ಪವಾಗುತ್ತದೆ. ಆದುದರಿಂದ ಬಂದರು ಕಾರ್ಮಿಕರ ಮುಷ್ಕರ, ವೇತನದ ಬೇಡಿಕೆ ಮತ್ತು ಯಂತ್ರೀಕರಣದ ವಿವಾದಗಳು ಒಳನಾಡಿನ ವರ್ತಕರಿಗೂ ಸಂಬಂಧಿಸಿದವು.

2024ರ ಆಗಸ್ಟ್ ತಿಂಗಳನ್ನು ಸ್ಮರಿಸಿಕೊಳ್ಳಬಹುದು. ದೇಶದ ಪ್ರಮುಖ ಬಂದರುಗಳ ಕಾರ್ಮಿಕ ಒಕ್ಕೂಟಗಳು ಆ ತಿಂಗಳ 28ರಿಂದ ಅನಿರ್ದಿಷ್ಟಾವಧಿ ಮುಷ್ಕರಕ್ಕೆ ಕರೆ ನೀಡಿದ್ದವು. ಮುಷ್ಕರ ಆರಂಭವಾಗಲು ಒಂದೇ ದಿನ ಉಳಿದಿದ್ದಾಗ, 27ರಂದು, ಮುಂಬಯಿಯಲ್ಲಿ ಒಪ್ಪಂದವಾಯಿತು. 2021ರ ಡಿಸೆಂಬರ್ 31ರಂದು ಇದ್ದ ಮೂಲವೇತನ ಮತ್ತು ತುಟ್ಟಿಭತ್ಯೆಯ ಮೊತ್ತದ ಮೇಲೆ ಶೇಕಡಾ 8.5ರ ಹೆಚ್ಚಳವನ್ನು ಒಪ್ಪಲಾಯಿತು. ಹೊಸ ವೇತನಶ್ರೇಣಿಯ ಅವಧಿ 2022ರ ಜನವರಿ 1ರಿಂದ 2026ರ ಡಿಸೆಂಬರ್ 31ರವರೆಗೆ ಎಂದು ನಿಗದಿಯಾಯಿತು. ಮುಷ್ಕರ ತಪ್ಪಿತು, ಎಲ್ಲರೂ ನಿಟ್ಟುಸಿರು ಬಿಟ್ಟೆವು.

ಆದರೆ ಆ ದಿನಾಂಕಗಳನ್ನು ಇನ್ನೊಮ್ಮೆ ಗಮನಿಸಬೇಕು. 2022ರ ಮೊದಲ ದಿನದಿಂದ ಸಲ್ಲಬೇಕಾಗಿದ್ದ ವೇತನಕ್ಕೆ ಸಹಿ ಬಿದ್ದದ್ದು ಸುಮಾರು ಎರಡು ವರ್ಷ ಎಂಟು ತಿಂಗಳ ನಂತರ. ಅದಕ್ಕೆ ಹಿಂದಿನ ಪರಿಷ್ಕರಣೆಯ ಕಥೆಯೂ ಇದೇ: 2017ರ ಜನವರಿಯಿಂದ ಜಾರಿಯಾಗಬೇಕಾಗಿದ್ದ ಒಪ್ಪಂದಕ್ಕೆ 2018ರ ಆಗಸ್ಟ್‌ವರೆಗೆ ಕಾಯಬೇಕಾಯಿತು. ಐದು ವರ್ಷದ ಒಪ್ಪಂದ ಯಾವ ದಿನ ಮುಗಿಯುತ್ತದೆಂಬುದು ಸಹಿ ಹಾಕುವ ದಿನವೇ ಎರಡೂ ಪಕ್ಷಗಳಿಗೆ ಗೊತ್ತಿರುತ್ತದೆ. ಬ್ಯಾಂಕಿನ ಸಾಲದ ಕಂತನ್ನು ಎರಡೂವರೆ ವರ್ಷ ತಡಮಾಡಿ ಕಟ್ಟುವ ವರ್ತಕನನ್ನು ಯಾರೂ ಶಿಸ್ತಿನ ಮನುಷ್ಯನೆಂದು ಕರೆಯುವುದಿಲ್ಲ. ಹೀಗಿರುವಾಗ ಮುಷ್ಕರದ ಸುದ್ದಿ ಬಂದೊಡನೆ ಕಾರ್ಮಿಕರ ಹಟಮಾರಿತನವನ್ನು ಮಾತ್ರ ದೂರುವುದು ನ್ಯಾಯವಲ್ಲ. ಮುಷ್ಕರದ ನೋಟಿಸು ಕೊಟ್ಟ ಮೇಲೆಯೇ ಸಹಿ ಬೀಳುತ್ತದೆ ಎಂಬ ಪಾಠವನ್ನು ಕಾರ್ಮಿಕರಿಗೆ ಕಲಿಸಿದ್ದು ಆಡಳಿತದ ವಿಳಂಬವೇ.

ಕಾರ್ಮಿಕರ ಆತಂಕಕ್ಕೆ ಇನ್ನೊಂದು ಬೇರು ಇದೆ. ಹಡಗು ಬಂದ ದಿನ ಕೂಲಿ, ಬಾರದ ದಿನ ಉಪವಾಸ ಎಂಬುದು ಒಂದು ಕಾಲದ ಬಂದರು ಬದುಕು. ನಮ್ಮ ಹಳೆ ಬಂದರಿನಲ್ಲಂತೂ ಹಡಗುಗಳು ದೂರ ಕಡಲಿನಲ್ಲಿ ಲಂಗರು ಹಾಕಿ, ಮಂಜಿಗಳಲ್ಲಿ ಸರಕು ಸಾಗಬೇಕಾಗಿತ್ತು. ಮಳೆಗಾಲದಲ್ಲಿ ವ್ಯವಹಾರವೇ ನಿಲ್ಲುತ್ತಿತ್ತು. ಈ ಅನಿಶ್ಚಿತತೆಗೆ ಕಡಿವಾಣ ಹಾಕಿದ್ದು 1948ರ ಡಾಕ್ ಕಾರ್ಮಿಕರ ಉದ್ಯೋಗ ನಿಯಂತ್ರಣ ಕಾಯಿದೆ. ಕಾರ್ಮಿಕರ ನೋಂದಣಿಗೆ, ಕೆಲಸವಿಲ್ಲದ ದಿನಕ್ಕೂ ಒಂದಿಷ್ಟು ಹಣಕ್ಕೆ ಅದು ದಾರಿ ಮಾಡಿತು. ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫೆರ್ನಾಂಡಿಸ್ ಅವರು ಕಾರ್ಮಿಕ ಸಂಘಟನೆಯ ಪಟ್ಟುಗಳನ್ನು ಕಲಿತದ್ದು ಮುಂಬಯಿಯ ಡಾಕ್ ನಾಯಕ ಪ್ಲಾಸಿಡ್ ಡಿ'ಮೆಲ್ಲೋ ಅವರ ಜತೆಯಲ್ಲಿ. ಹೀಗೆ ಹೋರಾಡಿ ಪಡೆದ ಭದ್ರತೆ ಯಂತ್ರ ಬಂದೊಡನೆ ಕರಗುವುದನ್ನು ಕಾರ್ಮಿಕರು ಕಣ್ಣಾರೆ ಕಂಡಿದ್ದಾರೆ. 2000ದ ಜನವರಿಯಲ್ಲಿ ಪ್ರಮುಖ ಬಂದರುಗಳಲ್ಲಿ ವೇತನಕ್ಕಾಗಿ ಮುಷ್ಕರ ನಡೆದಾಗ ಅದರಲ್ಲಿದ್ದವರು ಸುಮಾರು ಒಂದು ಲಕ್ಷ ಮಂದಿ. 2024ರಲ್ಲಿ ನೋಟಿಸು ಕೊಟ್ಟಾಗ ಕಾಯಂ ನೌಕರರ ಸಂಖ್ಯೆ ಇಪ್ಪತ್ತು ಸಾವಿರದ ಆಸುಪಾಸಿಗೆ ಇಳಿದಿತ್ತು.

ಹಾಗೆಂದು ಯಂತ್ರ ಬೇಡವೆನ್ನಲಾದೀತೇ? ಖಂಡಿತ ಇಲ್ಲ. 1974ರಲ್ಲಿ ಪ್ರಮುಖ ಬಂದರೆಂದು ಘೋಷಿತವಾದ ನವಮಂಗಳೂರು ಬಂದರು ಬೆಳೆದದ್ದೇ ಯಂತ್ರದ ಬಲದಿಂದ. ಕುದುರೆಮುಖದ ಅದಿರು ಕೊಳವೆಮಾರ್ಗದಲ್ಲಿ ಹರಿದು ಬಂದು ಪಣಂಬೂರಿನಲ್ಲಿ ಯಂತ್ರದ ಮೂಲಕವೇ ಹಡಗನ್ನೇರುತ್ತಿತ್ತು. ತೈಲವಂತೂ ಮನುಷ್ಯನ ಹೆಗಲನ್ನು ಮುಟ್ಟದೆ ಇಳಿಯುತ್ತದೆ. 280 ಕೋಟಿ ರೂಪಾಯಿಗೂ ಮಿಕ್ಕಿದ ವೆಚ್ಚದಲ್ಲಿ ಕಂಟೈನರ್ ಮತ್ತಿತರ ಸರಕಿಗಾಗಿ ಯಂತ್ರೀಕರಣಗೊಂಡ 14ನೇ ಬರ್ತ್ 2022ರ ಸೆಪ್ಟೆಂಬರ್ 2ರಂದು ಪ್ರಧಾನಮಂತ್ರಿಗಳಿಂದ ಉದ್ಘಾಟನೆಗೊಂಡಿತು. ಹಡಗು ಕಾಯುವ ಹಾಗೂ ಸರಕು ತಂಗುವ ಅವಧಿ ಅದರಿಂದ ಶೇಕಡಾ 35ರಷ್ಟು ಇಳಿಯುವುದೆಂದು ಆಗ ಹೇಳಲಾಯಿತು. ಹಡಗು ಕಾದಷ್ಟು ದಿನ ಡೆಮರೇಜ್, ಕಂಟೈನರ್ ಹಿಂದಿರುಗಿಸಲು ತಡವಾದಷ್ಟು ದಿನ ಡಿಟೆನ್ಷನ್, ಅಂಗಳದಲ್ಲಿ ಬಿದ್ದಷ್ಟು ದಿನ ನೆಲಬಾಡಿಗೆ ತೆರುವವರು ನಾವೇ ಆದುದರಿಂದ ವೇಗದ ಬೆಲೆ ನಮಗೆ ಗೊತ್ತು. ನೆರೆಯ ಕೇರಳದ ವಿಳಿಂಜಂ ಬಂದರು 2025ರ ಮೇ 2ರಂದು ದೇಶಕ್ಕೆ ಸಮರ್ಪಣೆಯಾಗಿದೆ. ಅಲ್ಲಿ ಅಂಗಳದ ಕ್ರೇನುಗಳನ್ನು ದೂರದ ಕೊಠಡಿಯಲ್ಲಿ ಕುಳಿತು ನಡೆಸುವವರಲ್ಲಿ ಸ್ಥಳೀಯ ಮೀನುಗಾರ ಕುಟುಂಬಗಳ ಹೆಣ್ಣುಮಕ್ಕಳೂ ಇದ್ದಾರೆ. ಯಂತ್ರವನ್ನು ತಡೆದು ನಿಲ್ಲಿಸಿದ ಬಂದರು ತನ್ನ ಕಾರ್ಮಿಕರನ್ನೂ ಉಳಿಸಿಕೊಳ್ಳಲಾರದು. ಸರಕೇ ಬೇರೆ ಕಡೆಗೆ ತಿರುಗುತ್ತದೆ.

ಪ್ರಶ್ನೆ ಇರುವುದು ಯಂತ್ರದಿಂದ ಬಂದ ಲಾಭವನ್ನು ಹಂಚಿಕೊಳ್ಳುವವರು ಯಾರು ಎಂಬುದರಲ್ಲಿ. ಈ ಪ್ರಶ್ನೆ ನಮಗೂ ಹೊಸತಲ್ಲ. ನಮ್ಮದೇ ಗೇರುಬೀಜ ಕಾರ್ಖಾನೆಗಳಿಗೆ ಬೀಜ ಒಡೆಯುವ ಯಂತ್ರ ಬಂದಿದೆ, ತಿರುಳನ್ನು ಬಣ್ಣ ನೋಡಿ ವಿಂಗಡಿಸುವ ಯಂತ್ರವೂ ಬಂದಿದೆ. ಹಳೆಯ ಕೆಲಸಗಾರರಿಗೆ ಹೊಸ ಯಂತ್ರವನ್ನು ಕಲಿಸಿ ಉಳಿಸಿಕೊಂಡ ಮಾಲಕನಿಗೂ, ಒಂದು ಬೆಳಿಗ್ಗೆ ನಾಳೆಯಿಂದ ಬರಬೇಡಿ ಎಂದವನಿಗೂ ಇರುವ ಅಂತರವನ್ನು ಊರು ಬಲ್ಲದು. ಮೊದಲನೆಯವನಿಗೆ ಸೀಸನ್ನಿನ ತುರ್ತಿನಲ್ಲಿ ಕರೆದಾಗ ಜನ ಸಿಗುತ್ತಾರೆ.

ಹೊರದೇಶದ ಎರಡು ನಿದರ್ಶನಗಳು ಇಲ್ಲಿ ಉಪಯುಕ್ತ. 2024ರ ಅಕ್ಟೋಬರ್ 1ರಿಂದ ಮೂರು ದಿನ ಅಮೆರಿಕದ ಪೂರ್ವ ಮತ್ತು ಗಲ್ಫ್ ಕರಾವಳಿಯ 36 ಬಂದರುಗಳು ಮುಷ್ಕರದಿಂದ ಸ್ತಬ್ಧವಾದವು. ಆರು ವರ್ಷಗಳಲ್ಲಿ ಶೇಕಡಾ 62ರ ವೇತನ ಏರಿಕೆಗೆ ಮಾಲಕರು ಒಪ್ಪಿದ ಮೇಲೂ ಸ್ವಯಂಚಾಲಿತ ಯಂತ್ರಗಳ ವಿಷಯ ಇತ್ಯರ್ಥವಾಗಲಿಲ್ಲ. ಅದಕ್ಕೆ 2025ರ ಜನವರಿಯವರೆಗೆ ಕಾಯಬೇಕಾಯಿತು. ಹಣಕ್ಕಿಂತ ಯಂತ್ರದ ಭಯವೇ ದೊಡ್ಡದೆಂಬುದು ಇದರಿಂದ ಸ್ಪಷ್ಟ. ಅದೇ ದೇಶದ ಪಶ್ಚಿಮ ಕರಾವಳಿಯಲ್ಲಿ 1960ರಲ್ಲಿಯೇ ಬೇರೊಂದು ದಾರಿ ಹಿಡಿಯಲಾಗಿತ್ತು. ಹ್ಯಾರಿ ಬ್ರಿಜಸ್ ನಾಯಕತ್ವದ ಸಂಘ ಯಂತ್ರಗಳಿಗೆ ದಾರಿ ಬಿಟ್ಟಿತು. ಪ್ರತಿಯಾಗಿ ಮಾಲಕರು ಐದೂವರೆ ವರ್ಷಗಳಲ್ಲಿ 2.9 ಕೋಟಿ ಡಾಲರುಗಳನ್ನು ಕಾರ್ಮಿಕರ ನಿಧಿಗೆ ತುಂಬಲು ಒಪ್ಪಿದರು. ಅದರಿಂದ ನಿವೃತ್ತಿಯ ಹಣವೂ ವೇತನದ ಖಾತರಿಯೂ ದೊರೆತವು. ಆ ಒಪ್ಪಂದಕ್ಕೂ ಟೀಕಾಕಾರರಿದ್ದರು, 1971ರಲ್ಲಿ ಅಲ್ಲಿಯೂ ಮುಷ್ಕರವಾಯಿತು. ಆದರೂ ಯಂತ್ರಕ್ಕೆ ಮೊದಲೇ ಬೆಲೆ ಕಟ್ಟಿ ಮಾತನಾಡಿದ್ದರಿಂದ ಒಂದು ದಶಕದ ಶಾಂತಿ ಲಭಿಸಿತು.

ಈ ಹಿನ್ನೆಲೆಯಲ್ಲಿ ನಮ್ಮ ವಾಣಿಜ್ಯ ಸಂಸ್ಥೆಗಳು ಮೂರು ಬೇಡಿಕೆಗಳನ್ನು ಮುಂದಿಡಬೇಕೆಂಬುದು ಈ ಲೇಖನದ ಆಗ್ರಹ.

ಮೊದಲನೆಯದಾಗಿ, ವೇತನ ಮಾತುಕತೆ ಹಳೆಯ ಒಪ್ಪಂದದ ಅವಧಿ ಮುಗಿಯುವ ಮೊದಲೇ ಮುಗಿಯಬೇಕು. 2026ರ ಡಿಸೆಂಬರ್ 31ರ ಗಡುವನ್ನು ಯಾರೂ ಆಕಸ್ಮಿಕವೆನ್ನಲಾರರು. ಬಾಕಿ ವೇತನ ಒಟ್ಟಾಗಿ ಬಂದರಿನ ಲೆಕ್ಕಕ್ಕೆ ಬಿದ್ದಾಗ ಆ ಹೊರೆಯೂ ಕೊನೆಗೆ ದರಪಟ್ಟಿಯ ಮೂಲಕ ನಮ್ಮ ಮೇಲೆಯೇ ಬೀಳುವ ಸಂಭವವಿದೆ.

ಎರಡನೆಯದಾಗಿ, ಯಾವುದೇ ಬರ್ತನ್ನು ಯಂತ್ರೀಕರಿಸುವ ಟೆಂಡರಿನಲ್ಲಿಯೇ ಕಾರ್ಮಿಕರ ಮರುತರಬೇತಿಯ ಮತ್ತು ಪರಿಹಾರದ ಮೊತ್ತ ನಮೂದಾಗಬೇಕು. ಗುತ್ತಿಗೆ ಕೂಲಿಗಳನ್ನೂ ಇದರಿಂದ ಹೊರಗಿಡಬಾರದು. ಕಾಯಂ ನೌಕರರಿಗೆ ಮಾತನಾಡಲು ಒಕ್ಕೂಟವಿದೆ, ಹಲವು ಗುತ್ತಿಗೆಯವರಿಗೆ ಅದೂ ಇಲ್ಲ. ಇದರಿಂದ ಖರ್ಚು ಹೆಚ್ಚುವುದೆಂದು ಕೆಲವು ಸದಸ್ಯರು ಆಕ್ಷೇಪಿಸಬಹುದು. ಆಕ್ಷೇಪ ನಿರಾಧಾರವಲ್ಲ. ಆದರೆ ಮೊದಲೇ ಗೊತ್ತಿರುವ ಖರ್ಚನ್ನು ಬೆಲೆಯಲ್ಲಿ ಸೇರಿಸಬಹುದು. ಹೇಳದೆ ಬರುವ ಸ್ಥಗಿತವನ್ನು ಯಾವ ಬೆಲೆಯಲ್ಲಿಯೂ ಸೇರಿಸಲಾಗದು.

ಮೂರನೆಯದು ನಮ್ಮ ಸ್ಥಾನದ ಪ್ರಶ್ನೆ. 1963ರ ಪ್ರಮುಖ ಬಂದರು ಟ್ರಸ್ಟ್ ಕಾಯಿದೆಯಲ್ಲಿ ಕಾರ್ಮಿಕರೊಂದಿಗೆ ಹಡಗು ಕಂಪೆನಿ ಮತ್ತು ಸರಕು ಸಾಗಿಸುವ ವರ್ತಕರ ಪ್ರತಿನಿಧಿಗಳಿಗೂ ಟ್ರಸ್ಟಿಗಳಾಗುವ ಅವಕಾಶವಿತ್ತು. 2021ರ ಪ್ರಮುಖ ಬಂದರು ಪ್ರಾಧಿಕಾರಗಳ ಕಾಯಿದೆಯ ಮಂಡಳಿಯಲ್ಲಿ ನೌಕರರ ಹಿತಕ್ಕೆ ಇಬ್ಬರು ಸದಸ್ಯರಿದ್ದಾರೆ, ಸ್ವತಂತ್ರ ಸದಸ್ಯರೂ ಇದ್ದಾರೆ. ಬಂದರನ್ನು ಬಳಸುವ ವರ್ತಕರಿಗೆಂದೇ ಮೀಸಲಾದ ಸ್ಥಾನವಿಲ್ಲ. ಮುಷ್ಕರದ ನಷ್ಟ ಹೊರುವವನು ಮಾತುಕತೆಯ ಬಾಗಿಲ ಹೊರಗೆ ನಿಂತಿದ್ದಾನೆ. 14 ದಿನಗಳ ನೋಟಿಸಿನ ನಿಯಮ ಬಂದರಿನಂತಹ ಸೇವೆಗಳಿಗೆ ಹಿಂದಿನಿಂದಲೂ ಇತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆ ಅದನ್ನು ಎಲ್ಲ ಕೈಗಾರಿಕೆಗಳಿಗೂ ವಿಸ್ತರಿಸಿದೆ. ಆದರೆ ಪಶ್ಚಿಮ ಆಫ್ರಿಕಾದಿಂದ ಹೊರಟ ಗೇರುಬೀಜ 14 ದಿನಗಳಲ್ಲಿ ಪಣಂಬೂರನ್ನು ತಲುಪುವುದಿಲ್ಲ. ನೋಟಿಸು ಹೊರಡುವಾಗ ನಮ್ಮ ಸರಕು ನಡುಗಡಲಿನಲ್ಲಿರುತ್ತದೆ, ಬ್ಯಾಂಕಿನ ಬಡ್ಡಿ ಓಡುತ್ತಿರುತ್ತದೆ. ಆದ್ದರಿಂದ ಸ್ವತಂತ್ರ ಸದಸ್ಯರಲ್ಲಿ ಒಬ್ಬರಾದರೂ ಸಣ್ಣ ಆಮದು-ರಫ್ತುದಾರರ ಕಷ್ಟ ಬಲ್ಲವರಾಗಿರಬೇಕು. ಮುಷ್ಕರದ ದಿನಗಳ ನೆಲಬಾಡಿಗೆಯನ್ನು ಮನ್ನಾ ಮಾಡುವ ನಿಯಮ ಮೊದಲೇ ಲಿಖಿತವಾಗಿರಬೇಕು.

ದೊಡ್ಡ ಕಂಪೆನಿಗಳು ಮುಷ್ಕರದ ಸುಳಿವು ಸಿಕ್ಕೊಡನೆ ಹಡಗನ್ನು ಬೇರೆ ಬಂದರಿಗೆ ತಿರುಗಿಸಬಲ್ಲವು. ಎರಡು ಕಂಟೈನರ್ ಬೀಜ ತರಿಸುವ ಸಣ್ಣ ಕಾರ್ಖಾನೆಗೆ ಆ ಶಕ್ತಿಯಿಲ್ಲ. ಬಂದರಿನ ಕಾರ್ಮಿಕನೂ ಊರು ಬಿಟ್ಟು ಹೋಗಲಾರ, ನಾವೂ ಹೋಗಲಾರೆವು. ಆದುದರಿಂದ ಅವನ ವೇತನ ಸಕಾಲದಲ್ಲಿ ತೀರ್ಮಾನವಾಗಬೇಕೆಂದು ಕೇಳುವುದು ಔದಾರ್ಯವಲ್ಲ, ನಮ್ಮದೇ ವ್ಯವಹಾರದ ಹಿತ. ಮುಂದಿನ ನೋಟಿಸು ಬರುವವರೆಗೆ ಕಾಯದೆ, ಸದಸ್ಯ ಬಂಧುಗಳು ತಮಗೆ ತಡವಾದ ಸರಕು, ತೆತ್ತ ಶುಲ್ಕಗಳ ವಿವರವನ್ನು ಬರೆದಿಟ್ಟು ತಮ್ಮ ಸಂಸ್ಥೆಗೆ ಒಪ್ಪಿಸಿದರೆ, ಮಾತುಕತೆಯ ಮೇಜಿನ ಮುಂದೆ ಇಡಲು ನಮ್ಮ ಕೈಯಲ್ಲಿಯೂ ಒಂದು ಲೆಕ್ಕ ಇರುತ್ತದೆ.