ಕೋವಿ ಇರಲಿ, ಸೀಸ ಬೇಡ

ಕೋವಿ ಇರುವ ಮನೆಯಲ್ಲಿ ಹುಟ್ಟಿದವಳು ನಾನು. ಕೊಡಗಿನಲ್ಲಿ ಗಂಡುಮಗು ಹುಟ್ಟಿದರೆ ಆಕಾಶಕ್ಕೆ ಒಂದು ಈಡು, ಸಾವಾದರೆ ಎರಡು. ಕೈಲ್ ಮುಹೂರ್ತದ ದಿನ ಅಜ್ಜನ ಜೋಡುನಳಿಗೆ ಕೋವಿಯನ್ನು ಒರೆಸಿ, ಅದರ ಬಾಯಿಗೆ ತೋಕ್ ಪೂ ಸಿಕ್ಕಿಸುವುದಕ್ಕೆ ನಾವು ಮಕ್ಕಳು ಜಗಳವಾಡುತ್ತಿದ್ದೆವು. ಆದ್ದರಿಂದ ಈ ಬರಹ ಓದಿ, "ಬೇಟೆಯ ವಿಷಯ ಇವಳಿಗೇನು ಗೊತ್ತು?" ಎಂದು ಯಾರೂ ಮೂಗು ಮುರಿಯಬೇಕಾಗಿಲ್ಲ. ನನಗೆ ಮಾಂಸದ ಮೇಲೆ ಸಿಟ್ಟಿಲ್ಲ, ಕೋವಿಯ ಮೇಲೂ ಇಲ್ಲ. ನನ್ನ ತಕರಾರೆಲ್ಲ ಕೋವಿಯೊಳಗೆ ಹೋಗುವ ತೋಟದ ಮೇಲೆ, ಆ ತೋಟದಲ್ಲಿ ತುಂಬಿರುವ ಸೀಸದ ಚರೆಯ ಮೇಲೆ.

ತಕರಾರು ಶುರುವಾದದ್ದು ಅಡುಗೆಮನೆಯಲ್ಲಿ. ನಾವಿರುವುದು ಇಂಗ್ಲೆಂಡಿನ ಪೂರ್ವ ಕರಾವಳಿಯ ನಾರ್ಫಕ್‌ನಲ್ಲಿ. ಚಳಿ ಬಿತ್ತೆಂದರೆ ಐಸ್‌ಲ್ಯಾಂಡ್, ಗ್ರೀನ್‌ಲ್ಯಾಂಡ್ ಕಡೆಯಿಂದ ಗುಲಾಬಿ ಕಾಲಿನ ಹೆಬ್ಬಾತುಗಳು ಸಾವಿರಗಟ್ಟಲೆ ಬಂದು ಇಲ್ಲಿಯ ಗದ್ದೆಗಳಲ್ಲಿ ಇಳಿಯುತ್ತವೆ. ಜೌಗಿನ ತುಂಬ ಕಾಡುಬಾತುಗಳು. ಪಕ್ಕದ ಮನೆಯ ಹಿರಿಯರು ಪ್ರತಿ ಡಿಸೆಂಬರಿನಲ್ಲೂ ಒಂದು ಜೊತೆ ಬಾತು ತಂದು ನಮ್ಮ ಬಾಗಿಲಿಗೆ ತೂಗುಹಾಕುತ್ತಿದ್ದರು. ಒಳ್ಳೆಯ ಮನುಷ್ಯ. ಹಿಮ ಬಿದ್ದ ದಿನ ತಮ್ಮ ಅಂಗಳಕ್ಕಿಂತ ಮೊದಲು ನಮ್ಮ ಅಂಗಳ ಗುಡಿಸುವವರು.

ಆ ವರ್ಷ ಮಗಳು ಬಂದಿದ್ದಳು, ನಾಲ್ಕು ತಿಂಗಳ ಬಸುರಿ. "ಅವ್ವ, ನಿನ್ನ ಕೈಯ ಖಾರದ ಸಾರು ಬೇಕು" ಅಂದಳು. ಕರಿಮೆಣಸು ಅರೆದು, ಊರಿನಿಂದ ತಂದಿಟ್ಟಿದ್ದ ಕಾಚಂಪುಳಿ ಹಾಕಿ ಬಾತು ಬೇಯಿಸಿದೆ. ಎರಡನೆಯ ತುತ್ತಿಗೇ ಅವಳ ಹಲ್ಲಿಗೆ ಟಕ್ಕೆಂದು ಏನೋ ಸಿಕ್ಕಿತು. ನೋಡಿದರೆ ಸಾಸಿವೆಗಿಂತ ಸ್ವಲ್ಪ ದೊಡ್ಡ ಕಪ್ಪು ಚರೆ.

ಇಂಗ್ಲೆಂಡಿನಲ್ಲಿ ಬಾತು, ಹೆಬ್ಬಾತುಗಳಿಗೆ ಸೀಸದ ಚರೆ ಹೊಡೆಯುವುದನ್ನು 1999ರಲ್ಲೇ ಕಾನೂನು ನಿಷೇಧಿಸಿದೆ. ಹಾಗಾದರೆ ಇದು ಉಕ್ಕಿನದೇ ಇರಬೇಕು ಅಂದುಕೊಂಡು, ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಅಯಸ್ಕಾಂತ ತಂದು ಹತ್ತಿರ ಹಿಡಿದೆ. ಅಂಟಲಿಲ್ಲ. ಬಿಸ್ಮತ್ ಎಂಬ ಇನ್ನೊಂದು ಲೋಹದ ಚರೆಯೂ ಇದೆ, ಅದೂ ಅಂಟುವುದಿಲ್ಲ. ಆದರೆ ಬಿಸ್ಮತ್ ಪೆಡಸು, ಗುದ್ದಿದರೆ ಪುಡಿಯಾಗುತ್ತದೆ. ಕಲ್ಲಿನ ಮೇಲಿಟ್ಟು ಕುಟ್ಟಾಣಿಯಿಂದ ಗುದ್ದಿದೆ. ಹಣೆಯ ಬೊಟ್ಟಿನ ಹಾಗೆ ಚಪ್ಪಟೆಯಾಯಿತು. ಸೀಸವೇ. ಇಡೀ ಪಾತ್ರೆಯ ಸಾರನ್ನು ಚೆಲ್ಲಿದೆ. "ಚರೆ ತೆಗೆದಾಯಿತಲ್ಲ, ಉಳಿದದ್ದು ತಿನ್ನಬಹುದು" ಎಂದು ಮನೆಯವರು ಅಂದರು. ತಿನ್ನಬಾರದು. ಯಾಕೆ ಎಂದು ಹೇಳುತ್ತೇನೆ.

ಸೀಸ ಮೆತ್ತನೆಯ ಲೋಹ. ಮೂಳೆಗೆ ಬಡಿದ ಚರೆ ಸವೆದು, ಒಡೆದು, ಕಣ್ಣಿಗೂ ಹಲ್ಲಿಗೂ ಸಿಗದಷ್ಟು ಸಣ್ಣ ಚೂರುಗಳಾಗಿ ಮಾಂಸದಲ್ಲಿ ಹರಡುತ್ತದೆ. ಎಕ್ಸ್‌ರೇ ತೆಗೆದರೆ ಮಾತ್ರ ಕಾಣುವ ಧೂಳು ಅದು. ಮೇಲಿಂದ ನಾನು ಹಾಕಿದ್ದು ಹುಳಿ. ಕಲಾಯಿ ಹೋದ ಹಿತ್ತಾಳೆ ಪಾತ್ರೆಯಲ್ಲಿ ಹುಣಿಸೆಹುಳಿ ಕುದಿಸಬಾರದೆಂದು ನಮ್ಮ ಅಜ್ಜಿಯರು ಹೇಳುತ್ತಿರಲಿಲ್ಲವೆ? ಅದೇ ಲೆಕ್ಕ ಇಲ್ಲಿಯೂ. ಹುಳಿಯಲ್ಲಿ ಸೀಸ ಹೆಚ್ಚು ಕರಗುತ್ತದೆ. ಹೊಟ್ಟೆಗೆ ಹೋದ ಸೀಸ ರಕ್ತಕ್ಕೆ ಸೇರಿ ಮೂಳೆಯಲ್ಲಿ ವರ್ಷಗಟ್ಟಲೆ ಕೂತಿರುತ್ತದೆ. ಹೆಂಗಸು ಬಸುರಾದಾಗ ಮೂಳೆಯಿಂದ ಎದ್ದು ಬಂದು ಮಾಸುಚೀಲ ದಾಟಿ ಮಗುವನ್ನು ತಲುಪುತ್ತದೆ. ಬೆಳೆಯುವ ಮೆದುಳಿಗೆ ಅದು ಮಾಡುವ ಹಾನಿ ತಿರುಗಿ ಸರಿಹೋಗುವಂಥದಲ್ಲ. ಇಷ್ಟರವರೆಗೆ ಪರವಾಗಿಲ್ಲ ಎನ್ನುವ ಮಿತಿಯೇ ಸೀಸಕ್ಕಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸೀಸದ ಚರೆಯಿಂದ ಹೊಡೆದ ಮಾಂಸವನ್ನು ಆದಷ್ಟು ಕಡಿಮೆ ಮಾಡಿ, ಅದರಲ್ಲೂ ಮಕ್ಕಳು, ಬಸುರಿಯರು, ಬಸುರಾಗಬಯಸುವವರು ಎಚ್ಚರವಾಗಿರಿ ಎಂದು ಬ್ರಿಟನ್ನಿನ ಆಹಾರ ಗುಣಮಟ್ಟದ ಸಂಸ್ಥೆ 2012ರಲ್ಲೇ ಸಲಹೆ ಕೊಟ್ಟಿತ್ತು.

ಮಾರನೆಯ ದಿನ ಆ ಚಪ್ಪಟೆ ಚರೆಯನ್ನು ಕಾಗದದಲ್ಲಿ ಮಡಿಸಿಕೊಂಡು ಪಕ್ಕದ ಮನೆಗೆ ಹೋದೆ. ಹಿರಿಯರು ಚಹಾ ಕೊಟ್ಟರು, ನಾಚಿಕೆಪಟ್ಟರು, ಆಮೇಲೆ ವಾದಕ್ಕಿಳಿದರು. ಅವರ ವಾದಗಳು ಅವರೊಬ್ಬರದೇ ಅಲ್ಲ, ಇಲ್ಲಿಯ ಎಷ್ಟೋ ಬೇಟೆಗಾರರ ಬಾಯಲ್ಲಿರುವಂಥವೇ. ಆದ್ದರಿಂದ ಒಂದೊಂದಾಗಿ ಉತ್ತರಿಸುತ್ತೇನೆ.

"ಉಕ್ಕಿನ ಚರೆಗೆ ಬಾತು ಸಾಯುವುದಿಲ್ಲ, ಗಾಯಗೊಂಡು ನರಳುತ್ತದೆ" ಎಂಬುದು ಮೊದಲನೆಯದು. ಉಕ್ಕು ಹಗುರವೆಂಬುದು ನಿಜ. ನೀರಿಗೆ ಹೋಲಿಸಿದರೆ ಸೀಸದ ತೂಕ 11.3 ಪಟ್ಟು, ಉಕ್ಕಿನದು 7.8 ಪಟ್ಟು. ಅದಕ್ಕೇ ಸೀಸದಲ್ಲಿ 5ನೇ ನಂಬರಿನ ಚರೆ ಬಳಸುತ್ತಿದ್ದವರು ಉಕ್ಕಿನಲ್ಲಿ ಎರಡು ಅಳತೆ ದಪ್ಪದ 3ನೇ ನಂಬರು ತೆಗೆದುಕೊಳ್ಳಬೇಕು. ಮೊದಲು ಕಾಗದದ ಗುರಿಗೆ ನಾಲ್ಕು ಈಡು ಹೊಡೆದು ಚರೆ ಹೇಗೆ ಹರಡುತ್ತದೆಂದು ನೋಡಬೇಕು. 35 ಮೀಟರಿನ ಆಚೆ ಕೈ ಹಾಕಬಾರದು. ಹಕ್ಕಿಯನ್ನು ಅರ್ಧಂಬರ್ಧ ಕೊಲ್ಲುವುದು ಬಹುಪಾಲು ಎಟುಕದ ದೂರಕ್ಕೆ ಈಡು ಹೊಡೆಯುವ ಆಸೆಬುರುಕತನ. ಡೆನ್ಮಾರ್ಕಿನಲ್ಲಿ 1996ರಿಂದ ಯಾವ ಬೇಟೆಗೂ ಸೀಸದ ಚರೆ ಬಳಸುವಂತಿಲ್ಲ. ಅಲ್ಲಿಯ ಬೇಟೆಗಾರರೇನು ಉಪವಾಸ ಬಿದ್ದಿದ್ದಾರೆಯೆ?

"ನಮ್ಮಪ್ಪನ ಕಾಲದ ಕೋವಿ ಹಾಳಾಗುತ್ತದೆ" ಎಂಬುದು ಎರಡನೆಯದು. ಈ ಮಾತು ನನಗೆ ತಾಗಿತು, ಯಾಕೆಂದರೆ ನಮ್ಮಜ್ಜನ ಕೋವಿಯೂ ಅಂಥದೇ. ಗಟ್ಟಿಯಾದ ಉಕ್ಕಿನ ಚರೆ ತೆಳು ನಳಿಗೆಯ ಹಳೆಯ ಕೋವಿಗೆ ಒಗ್ಗುವುದಿಲ್ಲ. ನಳಿಗೆಯ ಬಾಯಿ ಬಿಗಿಯಾಗಿದ್ದರೆ, ಅಂದರೆ ಅರ್ಧ ಚೋಕಿಗಿಂತ ಹೆಚ್ಚಿದ್ದರೆ, ಅದೂ ಅಪಾಯ. ಹಾಗಿದ್ದವರು ಕೋವಿ ರಿಪೇರಿಯವನ ಹತ್ತಿರ ತೋರಿಸಲಿ. ಉಕ್ಕಿಗೆ ಪರೀಕ್ಷೆಯಾದ ಕೋವಿಗೆ ಅದರ ಮುದ್ರೆಯೇ ಇರುತ್ತದೆ. ಇಲ್ಲವಾದರೆ ಬಿಸ್ಮತ್ ಇದೆ, ಟಂಗ್‌ಸ್ಟನ್ ಬೆರೆಸಿದ ಮೆತ್ತನೆಯ ಚರೆ ಇದೆ. ಇವನ್ನು ಮಾಡಿರುವುದೇ ಹಳೆಯ ಕೋವಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು. ಬಿಸ್ಮತ್ ತೂಕದಲ್ಲೂ ಸೀಸಕ್ಕೆ ಹತ್ತಿರ.

"ಬಿಸ್ಮತ್ ದುಬಾರಿ." ಹೌದು, ಸೀಸದ ತೋಟಕ್ಕಿಂತ ಹಲವು ಪಟ್ಟು. ಆದರೆ ಸಂಜೆ ಜೌಗಿನ ಬದಿಯಲ್ಲಿ ಬಾತಿಗೆ ಕಾಯುವವನು ಎಷ್ಟು ತೋಟ ಸುಡುತ್ತಾನೆ? ಹತ್ತೋ ಹದಿನೈದೋ. ರಬ್ಬರ್ ಬೂಟಿಗೆ, ನಾಯಿಗೆ, ಕಾರಿಗೆ, ಬೇಟೆಯ ಪರವಾನಗಿಗೆ ನೋಡದ ಖರ್ಚನ್ನು ಚರೆಯ ಹತ್ತಿರ ಬಂದಾಗ ಮಾತ್ರ ನೋಡುವುದು ಯಾವ ನ್ಯಾಯ? ಹೊಸ ಕೋವಿ ಇದ್ದವರಿಗೆ ಉಕ್ಕಿನ ತೋಟ ಸೀಸದಷ್ಟೇ ಅಗ್ಗದಲ್ಲಿ ಸಿಗುತ್ತದೆ. ಉಕ್ಕಿನ ಚರೆಗೆ ಬೇಕಾದ ಪ್ಲಾಸ್ಟಿಕ್ ಬಟ್ಟಲು ಜೌಗಿನಲ್ಲಿ ಬಿದ್ದಿರುತ್ತದೆ ಎಂಬ ದೂರು ಮಾತ್ರ ಸರಿಯಾದದ್ದು. ಆದರೆ ಕೊಳೆತು ಹೋಗುವ ಬಟ್ಟಲಿನ ತೋಟಗಳೂ ಈಗ ಬಂದಿವೆ. ಅದನ್ನೇ ಕೇಳಿ ಕೊಳ್ಳಬೇಕು.

"ಎಪ್ಪತ್ತು ವರ್ಷದಿಂದ ತಿನ್ನುತ್ತಿದ್ದೇನೆ, ನನಗೇನಾಗಿದೆ?" ಇದು ಕೊನೆಯದು. ನಾನೂ ಹಾಗೇ ಕೇಳುತ್ತಿದ್ದವಳೇ. 1972ರ ವನ್ಯಜೀವಿ ಕಾಯಿದೆ ಬರುವ ಮುಂಚೆ ನಮ್ಮ ಮನೆಯಲ್ಲಿ ಕಾಡುಕೋಳಿ ಬೇಯಿಸಿದ ದಿನ, ಯಾರ ತಟ್ಟೆಯಲ್ಲಿ ಚರೆ ಸಿಕ್ಕಿತೋ ಅವರೇ ಅದೃಷ್ಟವಂತರು ಎಂದು ಮಕ್ಕಳೆಲ್ಲ ಕುಣಿಯುತ್ತಿದ್ದೆವು. ಸೀಸ ಹೇಳಿ ಕೇಳಿ ಬರುವ ರೋಗವಲ್ಲ. ಮಗು ಪಾಠದಲ್ಲಿ ಒಂದು ಹೆಜ್ಜೆ ಹಿಂದೆ ಬಿದ್ದರೆ, ಮುದುಕರ ರಕ್ತದೊತ್ತಡ ಏರಿದರೆ, ಯಾರು ತಾನೇ ಊಟದ ತಟ್ಟೆಯನ್ನು ನೆನೆಸಿಕೊಳ್ಳುತ್ತಾರೆ? ಪೆಟ್ರೋಲಿನಿಂದ, ಬಣ್ಣದಿಂದ ಸೀಸ ತೆಗೆದ ನಾವು ಊಟದೊಳಕ್ಕೆ ಅದನ್ನು ಈಡು ಹೊಡೆದು ತುಂಬಿಸಬೇಕೆ?

ಇಲ್ಲಿಯವರೆಗೆ ನಮ್ಮ ಹೊಟ್ಟೆಯ ಮಾತಾಯಿತು. ಹಕ್ಕಿಯ ಹೊಟ್ಟೆಯದೂ ಇದೆ. ಕೋಳಿ ಕೊಯ್ದ ಹೆಂಗಸರಿಗೆಲ್ಲ ಗೊತ್ತು, ಹಲ್ಲಿಲ್ಲದ ಹಕ್ಕಿ ಕಾಳು ಅರೆಯುವುದಕ್ಕೆ ಸಣ್ಣ ಕಲ್ಲುಗಳನ್ನು ನುಂಗಿಟ್ಟುಕೊಂಡಿರುತ್ತದೆ. ಒಂದು ತೋಟದಲ್ಲಿ ಇನ್ನೂರು ಮುನ್ನೂರು ಚರೆ. ಹಕ್ಕಿಗೆ ತಾಗುವುದು ನಾಲ್ಕೋ ಐದೋ, ಉಳಿದದ್ದೆಲ್ಲ ಕೆಸರಿಗೆ. ಬಾತು ಅದನ್ನೇ ಕಲ್ಲೆಂದು ನುಂಗುತ್ತದೆ. ಹೊಟ್ಟೆಯ ಬೀಸುಕಲ್ಲಿನಲ್ಲಿ ಸೀಸ ಸವೆದು, ಅಲ್ಲಿಯ ಆಮ್ಲದಲ್ಲಿ ಕರಗಿ ರಕ್ತ ಸೇರುತ್ತದೆ. ರೆಕ್ಕೆ ಜೋಲುತ್ತದೆ, ನುಂಗಿದ್ದು ಕೆಳಗಿಳಿಯುವುದಿಲ್ಲ. ಎದುರಿಗೆ ಮೇವಿದ್ದೂ ಹಸಿದು ಸಾಯುತ್ತದೆ. ಬ್ರಿಟನ್ನಿನಲ್ಲಿ ಪ್ರತಿವರ್ಷ 50 ಸಾವಿರದಿಂದ 1 ಲಕ್ಷ ನೀರುಹಕ್ಕಿಗಳು ಹೀಗೆ ಸಾಯುತ್ತವೆಂದು ತಜ್ಞರ ಅಂದಾಜು. ಇವು ಯಾರೂ ಗುರಿಯಿಡದೆ ಸತ್ತ ಹಕ್ಕಿಗಳು. ಹೊಡೆದವನ ಮನೆಗೂ ಬರಲಿಲ್ಲ, ಆಕಾಶಕ್ಕೂ ಏರಲಿಲ್ಲ. ಅಮೆರಿಕ 1991ರಲ್ಲಿ ದೇಶದಾದ್ಯಂತ ನೀರುಹಕ್ಕಿ ಬೇಟೆಗೆ ಸೀಸ ನಿಷೇಧಿಸಿದ ಮೇಲೆ, 1997ರ ಒಂದೇ ವರ್ಷದಲ್ಲಿ ಸುಮಾರು 14 ಲಕ್ಷ ಬಾತುಗಳು ವಿಷದಿಂದ ಉಳಿದವೆಂದು ಅಲ್ಲಿಯ ವಿಜ್ಞಾನಿಗಳು ಲೆಕ್ಕ ಹಾಕಿದರು. ಬದಲಿಸಿದರೆ ಫಲವಿದೆ ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು?

"ಕೊಲ್ಲುವುದೇ ಬೇಡವೆಂದು ಹೇಳಬಾರದೆ?" ಎಂದು ನನ್ನ ಊರಿನ ಗೆಳತಿಯರು ಕೇಳುತ್ತಾರೆ. ಗದಗದ ಕಡೆಯ ಮಾಗಡಿ ಕೆರೆಗೆ ಹಿಮಾಲಯ ದಾಟಿ ಬರುವ ಪಟ್ಟೆತಲೆಯ ಹೆಬ್ಬಾತುಗಳನ್ನು ನಮ್ಮ ಕಾನೂನು ಕಾಯುತ್ತದೆ. ಅದು ನನಗೂ ಹೆಮ್ಮೆಯೇ. ಆದರೆ ಇಲ್ಲಿ ಬೇಟೆಗೆ ಕಾನೂನಿನ ಒಪ್ಪಿಗೆ ಇದೆ. ಬೇಟೆ ನಿಲ್ಲಲಿ ಎಂದು ನೂರು ವರ್ಷ ಕಾಯುವುದಕ್ಕಿಂತ, ಈ ಚಳಿಗಾಲವೇ ತೋಟ ಬದಲಾಗಲಿ ಎಂದು ಹಟ ಹಿಡಿಯುವುದು ಮೇಲು.

ಕಾನೂನೊಂದನ್ನೇ ನಂಬಿ ಕೂರುವಂತೆಯೂ ಇಲ್ಲ. ನಿಷೇಧ ಬಂದು ಹತ್ತು ವರ್ಷವಾದ ಮೇಲೆ ಇಂಗ್ಲೆಂಡಿನ ಅಂಗಡಿಗಳಲ್ಲಿ ಕೊಂಡ ಬಾತುಗಳನ್ನು ಪರೀಕ್ಷಿಸಿದಾಗ ನೂರಕ್ಕೆ 70ರಲ್ಲಿ ಸೀಸವೇ ಸಿಕ್ಕಿತು. ಪ್ರತಿ ಜೊಂಡಿನ ಹಿಂದೆ ಪೊಲೀಸನನ್ನು ನಿಲ್ಲಿಸುವುದು ಸಾಧ್ಯವೆ? 2020ರಲ್ಲಿ ಒಂಬತ್ತು ಬೇಟೆ ಸಂಘಗಳು ಸೇರಿ, ಐದು ವರ್ಷದಲ್ಲಿ ನಾವಾಗಿಯೇ ಸೀಸ ಬಿಡುತ್ತೇವೆ ಎಂದು ಮಾತು ಕೊಟ್ಟವು. ಅವಧಿ ಮುಗಿಯಿತು, ಮಾರಾಟಕ್ಕೆ ಬಂದ ಫೆಸೆಂಟ್ ಕೋಳಿಗಳಲ್ಲಿ ಇನ್ನೂ ಸೀಸವೇ ಹೆಚ್ಚು. ಕೊನೆಗೆ 2025ರ ಜುಲೈಯಲ್ಲಿ ಸರಕಾರವೇ, ಮೂರು ವರ್ಷ ಗಡುವು ಕೊಟ್ಟು 2029ರ ಹೊತ್ತಿಗೆ ಸೀಸದ ಚರೆಯನ್ನು ಎಲ್ಲ ಬೇಟೆಯಿಂದಲೂ ತೆಗೆಯುವುದಾಗಿ ಪ್ರಕಟಿಸಿತು.

ಆದರೆ ಕೋವಿ ಗಂಡಸಿನ ಕೈಯಲ್ಲಿದ್ದರೂ ಒಲೆ ಬಹಳ ಮನೆಗಳಲ್ಲಿ ನಮ್ಮ ಕೈಯಲ್ಲೇ ಇದೆ. "ಯಾವ ಚರೆಯಲ್ಲಿ ಹೊಡೆದದ್ದು?" ಎಂದು ಅಂಗಡಿಯಲ್ಲಿ ಕೇಳೋಣ, ಉಡುಗೊರೆ ತಂದವರನ್ನೂ ಕೇಳೋಣ. ಉತ್ತರ ಬರದಿದ್ದರೆ ಒಲೆಯ ಮೇಲಿಡುವುದು ಬೇಡ. ಬೇಯಿಸುವವಳು ಬೇಡವೆಂದ ಹಕ್ಕಿಯನ್ನು ಹೊಡೆದು ಯಾರಿಗೇನು ಲಾಭ?

ಪಕ್ಕದ ಮನೆಯವರು ಆಮೇಲೆ ಬಾತು ತಂದಿಲ್ಲ. ಹಿಮ ಬಿದ್ದರೆ ಅಂಗಳ ಗುಡಿಸುತ್ತಾರೆ, ಮಾತು ಮಾತ್ರ ಕಡಿಮೆಯಾಗಿದೆ. ನನಗೆ ಬೇಸರವಿಲ್ಲವೆಂದರೆ ಸುಳ್ಳಾಗುತ್ತದೆ. ಮೊಮ್ಮಗನಿಗೆ ಈಗ ಎರಡು ವರ್ಷ. ಬೇಲಿಯಾಚೆ ಅವರ ನಾಯಿ ಕಂಡರೆ ಕೇಕೆ ಹಾಕುತ್ತಾನೆ, ಅವರೂ ಕೈ ಬೀಸುತ್ತಾರೆ. ಇನ್ನೊಂದು ಡಿಸೆಂಬರಿನಲ್ಲಿ ಅವರು ಬೇರೆ ತೋಟದಲ್ಲಿ ಹೊಡೆದ ಬಾತು ತಂದರೆ ಖಾರದ ಸಾರು ಮಾಡಿ ಒಂದು ಬಟ್ಟಲು ಅವರ ಮನೆಗೂ ಕಳಿಸುತ್ತೇನೆ. ಆದರೆ ಫ್ರಿಜ್ಜಿನ ಮೇಲಿನ ಅಯಸ್ಕಾಂತವನ್ನು ನಾನು ತೆಗೆಯುವುದಿಲ್ಲ.