ಸ್ನಾಯುವನ್ನು ಕೆಣಕಿದ್ದು ಯಾರು?

ಉಬ್ಬಸದ ಬೇರು ಶ್ವಾಸನಾಳದ ಒಳಪದರದಲ್ಲಿದೆ ಎಂದು ನಾನು ಬರೆದದ್ದಕ್ಕೆ ಮೂರು ತಕರಾರು ಬಂದಿವೆ.

ಮೊದಲನೆಯದು: 'ಉಬ್ಬಸವೆಂದರೆ ನಾಳದ ಸುತ್ತಲಿನ ಸ್ನಾಯು ಬಿಗಿಯುವುದು. ನೀಲಿ ಪಂಪ್ ಎಳೆದರೆ ಸಡಿಲವಾಗುತ್ತದೆ, ಅಲ್ಲಿಗೆ ಮುಗಿಯಿತು.' ಬಿಗಿಯುವುದು ಸ್ನಾಯುವೇ, ಒಪ್ಪಿದೆ. ಸುಮ್ಮನಿದ್ದ ಸ್ನಾಯುವನ್ನು ಕೆಣಕಿದ್ದು ಯಾರು? ಒಳಪದರದ ಜೀವಕೋಶಗಳು ಒಂದಕ್ಕೊಂದು ಹೊಲಿದಂತೆ ಕೂಡಿಕೊಂಡು ಗೋಡೆಯಾಗಿರುತ್ತವೆ. ಹಾಸಿಗೆ, ದಿಂಬಿನಲ್ಲಿ ಬದುಕುವ ಧೂಳುಹುಳುವಿನ ಹಿಕ್ಕೆಯಲ್ಲಿ ಪ್ರೋಟೀನ್ ಕತ್ತರಿಸುವ ಕಿಣ್ವವಿದೆ. ಅದು ಆ ಹೊಲಿಗೆಯನ್ನೇ ಬಿಚ್ಚುತ್ತದೆ. (ದಿಂಬಿನ ಕವರು ಬಿಸಿನೀರಲ್ಲಿ ಒಗೆಯಿರಿ ಎಂದರೆ ನಗುವವರು ಇದನ್ನು ಗಮನಿಸಬೇಕು.) ಎಲ್ಲರಿಗೂ ಹುಳುವೇ ಕಾರಣವಲ್ಲ, ನೆಗಡಿಯ ವೈರಸ್ಸೂ ಹೊಗುವುದು ಇದೇ ಕೋಶಗಳಿಗೆ. ಪೆಟ್ಟು ತಿಂದ ಕೋಶಗಳು ಟಿಎಸ್‌ಎಲ್‌ಪಿ, ಐಎಲ್-33 ಎಂಬ ರಾಸಾಯನಿಕಗಳನ್ನು ಬಿಟ್ಟು ರಕ್ಷಣಾ ಕೋಶಗಳನ್ನು ಕೂಗಿ ಕರೆಯುತ್ತವೆ. ಊತ, ಲೋಳೆ, ಸ್ನಾಯುವಿನ ಸಿಡುಕು ಆಮೇಲಿನವು.

ಎರಡನೆಯ ತಕರಾರಿಗೆ ತೂಕವಿದೆ: 'ಪದರ ಕಿತ್ತುಬರುವುದು ರೋಗದ ಫಲ, ಕಾರಣವಲ್ಲ.' ಅರ್ಧ ನಿಜ. ಲಂಡನ್ನಿನ ಕಿಂಗ್ಸ್ ಕಾಲೇಜಿನ ಸಂಶೋಧಕರು 2024ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ತೋರಿಸಿದ್ದು ಇದನ್ನೇ: ನಾಳ ಹಿಂಡಿದಂತಾದಾಗ ಒಳಪದರದ ಕೋಶಗಳು ನೂಕುನುಗ್ಗಲಿನಲ್ಲಿ ಹೊರಕ್ಕೆ ಚಿಮ್ಮುತ್ತವೆ. ಆದರೆ ಮುಂದೆಯೂ ಓದಬೇಕು. ಇಲಿಗಳಿಗೆ ಸಾಲ್ಬುಟಮಾಲ್ (ನೀಲಿ ಪಂಪಿನ ಔಷಧ) ಕೊಟ್ಟಾಗ ನಾಳವೇನೋ ತೆರೆಯಿತು, ಪದರದ ಹಾನಿಯಾಗಲಿ ಉರಿಯೂತವಾಗಲಿ ನಿಲ್ಲಲಿಲ್ಲ. ಹಾನಿ ಬಿಗಿತಕ್ಕೆ, ಬಿಗಿತ ಹಾನಿಗೆ. ಗಾಣದೆತ್ತಿನ ಸುತ್ತು ಇದು. ಇನ್ನು ಟೆಜೆಪೆಲುಮಾಬ್ ಎಂಬ ಚುಚ್ಚುಮದ್ದು. ಅದು ತಡೆಯುವುದು ಟಿಎಸ್‌ಎಲ್‌ಪಿ ಒಂದನ್ನೇ, ಅಂದರೆ ಮುಖ್ಯವಾಗಿ ಒಳಪದರದ ಕೂಗನ್ನು. ತೀವ್ರ ಉಬ್ಬಸದವರಲ್ಲಿ ದಾಳಿಗಳು ಕಡಿಮೆಯಾದವು. 2021ರ ಡಿಸೆಂಬರಿನಲ್ಲಿ ಅಮೆರಿಕ ಅದಕ್ಕೆ ಅನುಮತಿ ಕೊಟ್ಟಿತು. ಪದರ ಬರೀ ಬಲಿಪಶುವಾಗಿದ್ದರೆ ಅದರ ಬಾಯಿ ಕಟ್ಟಿ ಏನು ಪ್ರಯೋಜನವಾಗುತ್ತಿತ್ತು?

ಮೂರನೆಯದು ಹಳೆಯ ಹೆದರಿಕೆ: 'ಸ್ಟೀರಾಯ್ಡ್ ಪಂಪ್ ಚಟ ಹಿಡಿಸುತ್ತದೆ.' ಇಲ್ಲ. ಮಾತ್ರೆಯ ಲೆಕ್ಕ ಮಿಲಿಗ್ರಾಂನಲ್ಲಿ, ಪಂಪಿನದು ಮೈಕ್ರೋಗ್ರಾಂನಲ್ಲಿ. ಅದೂ ಊದಿಕೊಂಡ ಪದರಕ್ಕೇ ನೇರವಾಗಿ ತಲುಪುತ್ತದೆ. ಎಳೆದ ಮೇಲೆ ಬಾಯಿ ಮುಕ್ಕಳಿಸಿದರಾಯಿತು. ಹದಿಹರೆಯದವರಿಗೂ ದೊಡ್ಡವರಿಗೂ ಬರೀ ಸಾಲ್ಬುಟಮಾಲ್ ಸಾಲದೆಂದು ಉಬ್ಬಸದ ಜಾಗತಿಕ ಮಾರ್ಗಸೂಚಿ 'ಗಿನಾ' 2019ರಲ್ಲೇ ಹೇಳಿದೆ.

ವಾರದಲ್ಲಿ ಎರಡಕ್ಕಿಂತ ಹೆಚ್ಚು ಸಲ ನೀಲಿ ಪಂಪಿಗೆ ಕೈ ಹೋಗುತ್ತಿದ್ದರೆ, ನನ್ನೊಡನೆ ವಾದ ಆಮೇಲೆ ಮಾಡೋಣ. ಮೊದಲು ವೈದ್ಯರನ್ನು ಕಾಣಿ.